ಹಗೇವು ಮತ್ತು ಇಪ್ಪತ್ತಾರು ಚಪ್ಪಾಳೆ

ನಮ್ಮ ಗಜಲ್ ಗುಂಪಿನಲ್ಲಿ ಬೆಳಗಿನ ಐದೂವರೆಗೆ ಮೊದಲ ಗಜಲ್ ಬೀಳುತ್ತದೆ. ಹಾಕುವವರು ಒಬ್ಬ ನಿವೃತ್ತ ಮೇಷ್ಟ್ರು. ಮುಖ ತೊಳೆಯೋದಕ್ಕೆ ಮುಂಚೆಯೇ ಹಾಕ್ತಾರೇನೋ ಅಂತ ನನ್ನ ಗುಮಾನಿ. ಐದು ಮೂವತ್ತೊಂದಕ್ಕೆ ಮೊದಲ "ಸೂಪರ್ ಸರ್" ಬಂದಿರುತ್ತದೆ. ಅದರ ಹಿಂದೆಯೇ "ವಾಹ್", "ಮನಮುಟ್ಟಿತು", "ಕಣ್ಣು ತೇವವಾಯ್ತು ಗುರುಗಳೇ". ಏಳು ಶೇರ್‌ಗಳ ಗಜಲನ್ನು ಒಂದು ನಿಮಿಷದೊಳಗೆ ಓದಿ, ಒಳಗಿಳಿಸಿಕೊಂಡು, ಕಣ್ಣು ತೇವ ಮಾಡಿಕೊಂಡು, ಒರೆಸಿಕೊಂಡು, ಅದನ್ನು ಟೈಪ್ ಮಾಡಿ ಕಳಿಸೋದು ಹೇಗೆ ಸಾಧ್ಯ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಸಾಧ್ಯವಿಲ್ಲ. ಓದೋದು ಆಮೇಲೆ, ಅಥವಾ ಇಲ್ಲವೇ ಇಲ್ಲ.

ಇದು ಐದು ತಾಲ್ಲೂಕಿನ ಗುಂಪು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಮೇಷ್ಟ್ರುಗಳೇ ಹೆಚ್ಚು. ಒಬ್ಬರು ಬಸ್ ಕಂಡಕ್ಟರ್, ಇಬ್ಬರು ಅಂಗನವಾಡಿಯವರು, ಒಬ್ಬರು ಗೊಬ್ಬರದಂಗಡಿಯವರು. ಮೂರು ಗಜಲಿಗೆ ಒಂದರಲ್ಲಾದರೂ ಹಡಗಲಿ ಮಲ್ಲಿಗೆ ಅರಳಿರುತ್ತದೆ. ನಾನು ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ, ಬೆಳೆದದ್ದು ದಾವಣಗೆರೆಯಲ್ಲಿ, ಈಗ ಇರೋದು ಬೆಂಗಳೂರಿನಲ್ಲಿ. ನಮ್ಮ ತಾಲ್ಲೂಕೂ ನನ್ನ ಹಾಗೇ ಊರೂರು ಅಲೆದಿದೆ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ನೀಲಗುಂದದ ಭೀಮೇಶ್ವರ ಗುಡಿ ಮಾತ್ರ ಚಾಲುಕ್ಯರ ಕಾಲದಿಂದ ಇದ್ದಲ್ಲೇ ಇದೆ. ಅದರ ಫೋಟೋ ನನ್ನ ಡಿಪಿ. ಗುಂಪಿನಲ್ಲಿ ನಾನು "ನಮ್ಮೋರು" ಅನ್ನೋದಕ್ಕೆ ಇರೋ ಆಧಾರ ಅಷ್ಟೇ.

ಸೂಪರ್ ಸರ್ ಬಗ್ಗೆ ನನ್ನ ಸಿದ್ಧಾಂತ ಹೀಗಿತ್ತು: ಇದು ಮುಯ್ಯಿ. ನಮ್ಮ ಕಡೆ ಮದುವೆ ಮನೆ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರ ಮನೆಯವರು ಎಷ್ಟು ಹಾಕಿದರು ಅಂತ ಬರೆದಿಡುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಆ ಪುಟ ತೆಗೆದು ನೋಡಿ, ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಹಾಕಿ ಬರಬೇಕು. ಗುಂಪಿನಲ್ಲಿ ನೋಟ್‌ಬುಕ್ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ನಾನು ಮೂರು ದಿನ ಯಾರಿಗೂ ಏನೂ ಹಾಕದೆ ನಾಲ್ಕನೇ ದಿನ ಗಜಲ್ ಹಾಕಿದರೆ ಎರಡೇ ಹೆಬ್ಬೆಟ್ಟು. ಒಂದು ಅಡ್ಮಿನ್ನರದು, ಇನ್ನೊಂದು ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತುವ ಕಂಡಕ್ಟರರದು.

ಮುಯ್ಯಿ ಕೆಟ್ಟದ್ದು ಅಂತ ಹೇಳೋಕೆ ನನಗೆ ಆಗೋದಿಲ್ಲ. ಎಷ್ಟೋ ಮದುವೆಗಳು ಅದರಿಂದಲೇ ನಡೆದಿವೆ. ಈ ಗುಂಪಿನ "ಬರೀರಿ ಅಕ್ಕಾ, ನಿಲ್ಲಿಸಬ್ಯಾಡ್ರಿ" ಅನ್ನೋ ಮಾತಿನಿಂದಲೇ, ಹತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿದ್ದ ಹೆಂಗಸರು ಮತ್ತೆ ಪೆನ್ನು ಹಿಡಿದಿದ್ದಾರೆ. ಮಂಡಿಯೂರಿ ವಿಮರ್ಶೆ ಓದುವ ಬೆಂಗಳೂರಿನ ನಮ್ಮಂಥವರು ಇದನ್ನು ನೋಡಿ ನಗೋದು ಸುಲಭ. ಆದರೂ ನನಗೆ ಹರಪನಹಳ್ಳಿ ಭೀಮವ್ವ ನೆನಪಾಗುತ್ತಾಳೆ. 19ನೇ ಶತಮಾನದಲ್ಲಿ 'ಭೀಮೇಶಕೃಷ್ಣ' ಅಂಕಿತದಲ್ಲಿ ಹಾಡು ಕಟ್ಟಿದವಳು. ಅವಳ ಹಾಡುಗಳಿಗೆ ಯಾರು ಸೂಪರ್ ಅಂದರೋ ಗೊತ್ತಿಲ್ಲ. ಹೆಂಗಸರು ಬಾಯಲ್ಲಿ ಉಳಿಸಿಕೊಂಡರು, ಹಾಡಿದರು, ಅದಕ್ಕೇ ನಮ್ಮವರೆಗೆ ಬಂದವು. ನಮ್ಮ ಇನ್ನೂರು ಚಿಲ್ಲರೆ ಸದಸ್ಯರಲ್ಲಿ ಇನ್ನೊಬ್ಬರ ಒಂದು ಶೇರ್ ಬಾಯಲ್ಲಿ ಇರುವವರು ಎಷ್ಟು ಜನ?

ಈ ತಕರಾರನ್ನೇ ನಾನು ಗುಂಪಿನಲ್ಲಿ ಬರೆದೆ. ಬರೀ ಹೊಗಳಿಕೆ ಸಾಕು, ತಪ್ಪಿದ್ದರೆ ತಪ್ಪು ಅನ್ನೋಣ, ಚರ್ಚೆ ಮಾಡೋಣ ಅಂತ ಉದ್ದಕ್ಕೆ ಬರೆದಿದ್ದೆ. ಅದಕ್ಕೂ ನಲವತ್ತು ಜನ "ಸೂಪರ್ ಸರ್, ನಿಜವಾದ ಮಾತು" ಅಂದರು. ಮಾತು ಆಡಿದ ಮೇಲೆ ನಡೆದು ತೋರಿಸಬೇಕಲ್ಲ. ಮೂರನೇ ದಿನ ಅವಕಾಶ ಸಿಕ್ಕಿತು.

ಹಡಗಲಿ ಕಡೆಯ ಒಬ್ಬ ಹೆಣ್ಣುಮಗಳು, ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡವರು, ಒಂದು ಗಜಲ್ ಹಾಕಿದ್ದರು. ಗಜಲ್ ಪರಿಚಯ ಇಲ್ಲದವರಿಗೆ ಎರಡು ಮಾತು: ಎರಡೆರಡು ಸಾಲಿನ ತುಣುಕಿಗೆ ಶೇರ್ ಅಂತಾರೆ. ಪ್ರತಿ ಶೇರ್‌ನ ಕೊನೆಗೆ ಮತ್ತೆ ಮತ್ತೆ ಬರುವ ಪದ ರದೀಫ್. ಅದರ ಹಿಂದೆ ಪ್ರಾಸವಾಗಿ ಬದಲಾಗುತ್ತಾ ಬರೋದು ಕಾಫಿಯಾ. ಅವರ ರದೀಫ್ "ಇದ್ದಂಗ". ಕಾಫಿಯಾ ನೋವು, ಕಾವು, ಹಾವು, ಸಾವು ಅಂತ ಹೋಗಿತ್ತು. ಐದನೇ ಶೇರ್ ಇದು:

ಬಾಯಿ ತೆಗೆದ ಕೂಡಲೆ ಇಳಿಯಬ್ಯಾಡ, ತುಸು ತಾಳು ಮಗಳ
ಅವ್ವನ ಮೌನ ಅಂದ್ರ ವರುಷಗಟ್ಟಲೆ ಮುಚ್ಚಿದ ಹಗೇವು ಇದ್ದಂಗ

ನಾನು ಬರೆದೆ: "ಮೇಡಂ, ಗಜಲ್ ಚೆನ್ನಾಗಿದೆ. 'ಹಗೇವು' ಕಾಗುಣಿತ ದೋಷ, 'ಹಗೆ' ಆಗಬೇಕು. ರದೀಫನ್ನು 'ಇದ್ದಂತೆ' ಅಂತ ಮಾಡಿಕೊಂಡರೆ ಎಲ್ಲ ಕಡೆಯ ಓದುಗರಿಗೂ ತಲುಪುತ್ತದೆ." ತಿದ್ದಿದ ಸಾಲನ್ನೂ ಹಾಕಿದೆ: ಅವ್ವನ ಮೌನವೆಂದರೆ ವರುಷಗಟ್ಟಲೆ ಮುಚ್ಚಿಟ್ಟ ಹಗೆ ಇದ್ದಂತೆ. ಬಾಯಿ ತೆಗೆದ ಕೂಡಲೇ ಇಳಿಯಬೇಡ ಅಂದರೆ ಜಗಳಕ್ಕೆ ಇಳಿಯಬೇಡ ಅಂತ ನನಗೆ ಅರ್ಥವಾಗಿತ್ತು. ಹಗೆ ಅಂದಮೇಲೆ ಎಲ್ಲ ಸರಿಹೋಯ್ತಲ್ಲ.

ಚಪ್ಪಾಳೆ ಗುರುತು ಇಪ್ಪತ್ತಾರು ಬಂದವು. ಎಣಿಸಿದ್ದೇನೆ. "ಇದು ನೋಡಿ ಆರೋಗ್ಯಕರ ವಿಮರ್ಶೆ ಅಂದ್ರೆ" ಅಂದರು ಅಡ್ಮಿನ್. ಅವರು, ಬರೆದವರು, "ಆಯ್ತು ಸರ್, ಧನ್ಯವಾದಗಳು, ತಿದ್ದಿಕೊಳ್ಳುವೆ" ಅಂತ ಕೈ ಮುಗಿದರು. ಮುಂದಿನ ತಿಂಗಳು ಒಂದು ಸ್ಮರಣ ಸಂಚಿಕೆಯಲ್ಲಿ ಆ ಗಜಲ್ ಅಚ್ಚಾಯಿತು, ನನ್ನ ತಿದ್ದುಪಡಿಯ ಸಮೇತ.

ಯುಗಾದಿಗೆ ಊರಿಗೆ ಹೋಗಿದ್ದೆ. ಹಳೇ ಮನೆಯ ಮುಂದಿನ ಅಂಗಳದಲ್ಲಿ ಒಂದು ಚಪ್ಪಡಿ ಕಲ್ಲು ಎಡವಿತು. ಇದೇನು ಇಲ್ಲಿ ಅಂದೆ. ದೊಡ್ಡವ್ವ ಅಂದಳು, "ನೋಡ್ಕೊಂಡು ನಡಿಯಪ್ಪ. ಹಗೇವಿನ ಬಾಯಿ ಅದು."

ನಾನು ಅಲ್ಲೇ ನಿಂತೆ.

ಜೋಳ ತುಂಬಿಡೋ ನೆಲದೊಳಗಿನ ಗುಂಡಿಗೆ ಹಗೇವು ಅಂತಾರೆ. ಗಟ್ಟಿ ನೆಲದಲ್ಲಿ ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡೋದಿಲ್ಲ. ಬರಗಾಲಕ್ಕೆ ಆಗೋ ಕಾಳು. ಕಣಜ ಕಣ್ಣಿಗೆ ಕಾಣುತ್ತದೆ, ಹಗೇವು ಕಾಣೋದಿಲ್ಲ. ಮೇಲೆ ಓಡಾಡುವವರಿಗೆ ಕೆಳಗೆ ಒಂದು ಮನೆಯ ವರ್ಷದ ಅನ್ನ ಇದೆ ಅಂತ ಗೊತ್ತೇ ಆಗಲ್ಲ. ದೊಡ್ಡವ್ವ ಇನ್ನೊಂದು ಮಾತು ಹೇಳಿದಳು. "ಬಾಯಿ ತಗದ ಕೂಡ್ಲೆ ಇಳೀಬಾರದು. ಒಳಗ ಕೆಟ್ಟ ಗಾಳಿ ಇರತೈತಿ, ಇಳಿದೋರು ಅಲ್ಲೇ ಸತ್ತದ್ದು ಐತಿ. ತೆರೆದು ಬಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಉಳಿದ್ರ ಮನುಷ್ಯಾ ಇಳೀಬೌದು."

ಈಗ ಆ ಶೇರ್ ಇನ್ನೊಮ್ಮೆ ಓದಿ. ವರ್ಷಗಟ್ಟಲೆ ಮುಚ್ಚಿಕೊಂಡ ಅವ್ವನ ಮೌನ. ಒಳಗೆ ಇರೋದು ಮನೆಗೆಲ್ಲ ಉಣ್ಣಿಸೋ ಕಾಳು. ಆದರೆ ತೆರೆದ ತಕ್ಷಣ ಇಳಿದರೆ ಉಸಿರು ಕಟ್ಟುತ್ತದೆ. ಮಗಳು ದಂಡೆಯಲ್ಲಿ ಕಾಯಬೇಕು. ಐದು ತಾಲ್ಲೂಕಿನ ಗುಂಪಿನಲ್ಲಿ ಆ ವರ್ಷ ಬಂದ ಅತ್ಯುತ್ತಮ ಶೇರ್ ಇದೇ ಅಂತ ಈಗ ನಾನು ಜಗಳಕ್ಕೆ ಬೇಕಾದರೂ ಇಳಿದೇನು. ನಾನು ಅದರ ಮೇಲೆ ಏನು ಮಾಡಿದೆ? ಅವ್ವನ ಎದೆಯಲ್ಲಿದ್ದ ಜೋಳ ತೆಗೆದು ದ್ವೇಷ ತುಂಬಿದೆ. ಕಾಗುಣಿತದ ಹೆಸರಿನಲ್ಲಿ.

ಇದಕ್ಕಿಂತ ನಗೆಪಾಟಲಿನ ಸಂಗತಿ ಇನ್ನೊಂದಿದೆ. ನೋವು, ಕಾವು, ಹಾವು, ಸಾವು, ಹಗೇವು: ಕಾಫಿಯಾ ಎಷ್ಟು ಸಲೀಸಾಗಿ ಕೂತಿತ್ತು! "ಹಗೆ" ಅಂದ ಕೂಡಲೇ ಅದು ಮುರಿಯಿತು. ಕಾಫಿಯಾ ಒಂದಕ್ಷರ ಜಾರಿದರೆ ಪೊಲೀಸ್ ಠಾಣೆಗೆ ಹೋಗುವಂಥ ಮೂವರು ನಮ್ಮ ಗುಂಪಿನಲ್ಲಿದ್ದಾರೆ. ಮೂವರೂ ಚಪ್ಪಾಳೆ ತಟ್ಟಿದ್ದರು. ಐದೂ ತಾಲ್ಲೂಕಿನಲ್ಲಿ ಹಗೇವು ಗೊತ್ತಿರೋ ಹಿರಿಯರು ಎಷ್ಟೋ ಜನ ಅಲ್ಲೇ ಇದ್ದರು. ಅವರೂ ತಟ್ಟಿದ್ದರು. ಅಂದರೆ ಹೊಗಳಿಕೆಯನ್ನು ಓದದೆ ಹಾಕಿದ ಹಾಗೆಯೇ ತಿದ್ದುಪಡಿಯನ್ನೂ ಓದದೆ ಒಪ್ಪಿದ್ದರು. ನನ್ನದೂ ಮುಯ್ಯಿಯೇ ಆಗಿತ್ತು, ಸ್ವಲ್ಪ ದೊಡ್ಡ ನೋಟಿನಲ್ಲಿ.

ಆಮೇಲೆ ನಾನು ಗಜಲ್ ಬಂದ ದಾರಿ ಹಿಡಿದು ಸ್ವಲ್ಪ ಓದಿದೆ. ಕನ್ನಡಕ್ಕೆ ಗಜಲನ್ನು ಗಂಭೀರವಾಗಿ ತಂದವರು ರಾಯಚೂರಿನ ಶಾಂತರಸರು. ಮುಂದೆ ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ. ಉರ್ದು ಗಾಳಿ ಬೀಸುತ್ತಿದ್ದ ಊರಿನಿಂದ ಬಂದದ್ದರಿಂದ ಅದರ ಜೊತೆ ರದೀಫ್ ಬಂತು, ಕಾಫಿಯಾ ಬಂತು, ಕೊನೆಯ ಶೇರ್‌ನಲ್ಲಿ ಹೆಸರು ಹಾಕಿಕೊಳ್ಳೋ ಖುಷಿ ಬಂತು. ವಾಹ್ ಕೂಡ ಬಂತು. ನಮ್ಮ ಗುಂಪಿನವರೆಗೆ ಬಾರದೆ ಉಳಿದದ್ದು ಒಂದೇ, ಇಸ್ಲಾಹ್. ಉಸ್ತಾದ್ ಶಿಷ್ಯನ ಗಜಲನ್ನು ತಿದ್ದಿಕೊಡುವ ಪದ್ಧತಿಗೆ ಆ ಹೆಸರು. ಗಾಲಿಬ್ ತನ್ನ ಶಿಷ್ಯ ಹರ್‌ಗೋಪಾಲ್ ತಫ್ತಾಗೆ ಪತ್ರದ ಮೇಲೆ ಪತ್ರ ಬರೆದು ತಿದ್ದುತ್ತಿದ್ದ. 1905ರಲ್ಲಿ ತೀರಿಕೊಂಡ ದಾಗ್ ದೆಹಲ್ವಿ ನಿಜಾಮರ ಹೈದರಾಬಾದಿನಲ್ಲಿದ್ದಾಗ, ಇಕ್ಬಾಲ್ ಎಂಬ ಪಂಜಾಬಿನ ಹುಡುಗ ಅಂಚೆಯಲ್ಲಿ ತನ್ನ ಗಜಲ್ ಕಳಿಸಿ ತಿದ್ದಿಸಿಕೊಳ್ಳುತ್ತಿದ್ದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಿದ್ದುವಿಕೆ ಅಲ್ಲ, ಅದು ನಡೆಯುತ್ತಿದ್ದ ಜಾಗ. ವಾಹ್‌ಗೆ ಮುಷಾಯಿರಾ ಇತ್ತು, ಜನ ತುಂಬಿದ ಸಭೆ. ಈ ಇಸ್ಲಾಹ್ ಕಾಗದದಲ್ಲಿ ನಡೆಯುತ್ತಿತ್ತು, ಇಬ್ಬರ ನಡುವೆ. ಶಿಷ್ಯ "ಇಲ್ಲ ಉಸ್ತಾದ್, ಆ ಪದ ನಮ್ಮಲ್ಲಿ ಹೀಗಿದೆ" ಅಂತ ವಾಪಸ್ ಬರೆದರೆ ನೋಡೋಕೆ ಯಾರೂ ಇರಲಿಲ್ಲ. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ನಮ್ಮ ಫೋನಿನಲ್ಲಿ ಸಭೆಯೂ ಅದೇ, ಕಾಗದವೂ ಅದೇ. ನಾನು ಮುಷಾಯಿರಾದ ನಡುವೆ ಎದ್ದು ನಿಂತು ಇಸ್ಲಾಹ್ ಮಾಡಿದ್ದೆ.

ಸಭೆಯಲ್ಲೇ ತಿದ್ದಿಕೊಳ್ಳುವವರು ಇಲ್ಲದೇ ಇಲ್ಲ. ಶತಾವಧಾನಿ ಆರ್. ಗಣೇಶರ ಮಾರ್ಗದರ್ಶನದ 'ಪದ್ಯಪಾನ' ಬಳಗದವರು ಸಮಸ್ಯೆ ಕೊಟ್ಟು, ದತ್ತಪದಿ ಕೊಟ್ಟು, ಒಬ್ಬರ ಪದ್ಯವನ್ನು ಇನ್ನೊಬ್ಬರು ಎಲ್ಲರೆದುರೇ ಬಿಡಿಸಿ ನೋಡುತ್ತಾರೆ. ಅಲ್ಲಿ ಅದು ನಡೆಯುವುದಕ್ಕೆ ಕಾರಣ ಅಳತೆಗೋಲು ಇಬ್ಬರಿಗೂ ಒಂದೇ. ಮಾತ್ರೆ ಹೆಚ್ಚಾದರೆ ಹೆಚ್ಚಾಯಿತು, ಬೇಜಾರಿಗೆ ಜಾಗವಿಲ್ಲ. ಆದರೆ "ಹಗೇವು" ಸರಿಯೋ ತಪ್ಪೋ ಅಂತ ಹೇಳೋ ಅಳತೆಗೋಲು ನನ್ನ ಕೈಯಲ್ಲಿ ಇರಲಿಲ್ಲ, ಅವರ ಅಂಗಳದಲ್ಲಿ ಇತ್ತು.

ಗುಂಪಿನಲ್ಲಿ ಯಾರಾದರೂ ಭಾಷಣಕ್ಕೆ ನಿಂತರೆ ಧಾರವಾಡದ ಗೆಳೆಯರ ಗುಂಪಿನ ಹೆಸರು ಬಂದೇ ಬರುತ್ತದೆ: 1922, ಬೇಂದ್ರೆ, ಗೋಕಾಕ, ಶಂ.ಬಾ., ಮುಗಳಿ. ನಾವೂ ಹಾಗೇ ಅಂತ. ನನಗೆ ಈಗ ಅದಕ್ಕಿಂತ ಹಲಸಂಗಿಯವರು ಹತ್ತಿರ ಅನ್ನಿಸುತ್ತಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹಳ್ಳಿ ಹೆಂಗಸರ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಬೀಸುವ ಕಲ್ಲಿನ ಮುಂದೆ ಕೂತವಳ ಬಾಯಿಂದ ಬಂದ ಮಾತನ್ನು "ಎಲ್ಲ ಕಡೆಯ ಓದುಗರಿಗೂ ತಲುಪಲಿ" ಅಂತ ಅವರು ಇಸ್ತ್ರಿ ಮಾಡಲು ಕೂತಿದ್ದರೆ ಆ ಪುಸ್ತಕದಲ್ಲಿ ಏನು ಉಳಿಯುತ್ತಿತ್ತು?

ನಮ್ಮ ಸಮಾರಂಭಗಳಲ್ಲಿ ತಪ್ಪದೇ ಕೇಳುವ ಇನ್ನೊಂದು ಹೆಸರು 'ಕವಿರಾಜಮಾರ್ಗ'. ಓದು ಬರಹದ ತಯಾರಿ ಇಲ್ಲದೆಯೂ ಕನ್ನಡದ ಜನ ಕಾವ್ಯದಲ್ಲಿ ಪಳಗಿದವರು ಅಂತ 9ನೇ ಶತಮಾನದಲ್ಲೇ ಶ್ರೀವಿಜಯ ಹೇಳಿದ್ದಾನೆ ಅಂತ ಎದೆಯುಬ್ಬಿಸಿ ಹೇಳುತ್ತೇವೆ. ಅದರ ಬೆನ್ನಿಗೇ ಬರುವ ಪದ್ಯವನ್ನು ಯಾರೂ ವೇದಿಕೆ ಮೇಲೆ ಹೇಳಿದ್ದು ನಾನು ಕೇಳಿಲ್ಲ. ಉಳಿದವರೂ ಅವರವರ ನುಡಿಯಲ್ಲಿ ಎಲ್ಲರೂ ಜಾಣರೇ ಅನ್ನುತ್ತದೆ ಅದು. ಅವರವರ ನುಡಿಯಲ್ಲಿ. ನಾನು ಎಂ.ಎ. ಕನ್ನಡದವನಲ್ಲ, ಕೋಡ್ ಬರೆಯೋನು. ಆದರೂ ಇಷ್ಟು ಓದಿಕೊಂಡಿದ್ದೆ. ಓದಿಕೊಂಡೂ "ಕಾಗುಣಿತ ದೋಷ" ಅಂತ ಟೈಪ್ ಮಾಡುವ ಮೊದಲು "ಮೇಡಂ, ಹಗೇವು ಅಂದರೇನು?" ಅಂತ ಮೂರು ಪದ ಕೇಳಲಿಲ್ಲ. ಈ ಗುಂಪಿಗೆ ಸೇರಿ ಎರಡು ವರ್ಷವಾಯ್ತು, ಯಾರೂ ಯಾರಿಗೂ ಹಾಗೆ ಕೇಳಿದ್ದು ನೋಡಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಂಡಂತಾಗುತ್ತದೆ ಅನ್ನೋ ಭಯವಿರಬೇಕು.

ಊರಿನಿಂದ ಬಂದ ಮೇಲೆ ಅವರಿಗೆ ಫೋನ್ ಮಾಡಿದೆ. ಗುಂಪಿನಲ್ಲಿ ಬರೆದರೆ ಅದಕ್ಕೂ ಚಪ್ಪಾಳೆ ಬೀಳಬಹುದು ಅಂತ ಹೆದರಿ. ದೊಡ್ಡವ್ವನ ಚಪ್ಪಡಿ ಕಲ್ಲಿನ ಕಥೆ ಹೇಳಿ, ತಪ್ಪಾಯ್ತು ಅಂದೆ. ಹಿಂದುಗಡೆ ಹೊಲಿಗೆ ಮಷಿನ್ ಓಡುತ್ತಿತ್ತು, ನಿಂತಿತು.

"ನನಗೂ ಗೊತ್ತಿತ್ತು ಸರ್" ಅಂದರು. "ನಮ್ಮವ್ವನ ಮನಿ ಹಗೇವು, ನಾ ಮರೀತೀನೇನ್ರಿ. ಆದ್ರ ಅಷ್ಟು ಮಂದಿ ಚಪ್ಪಾಳಿ ಹೊಡದಿದ್ರು. ಅವರ ನಡುವ ಎದ್ದು ನಿಂತು ಸರ್ ಹೇಳಿದ್ದು ತಪ್ಪು ಅಂತ ಹೆಂಗ ಅನ್ನಲಿ? ನೀವು ಓದಿದೋರು."

ಪುಸ್ತಕ ಬಂದಾಗ ಅವ್ವನಿಗೆ ಓದಿ ತೋರಿಸಿದಿರಾ ಅಂತ ಕೇಳಿದೆ. ಕೇಳಬಾರದಿತ್ತು.

"ತೋರಿಸಿದೆ ಸರ್. ಆ ಶೇರ್ ಒಂದು ಬಿಟ್ಟು ಓದಿದೆ."

ನನಗೆ ಮುಂದೆ ಮಾತು ತೋಚಲಿಲ್ಲ. ಅವರೇ ಸ್ವಲ್ಪ ಹೊತ್ತು ಬಿಟ್ಟು, "ಸರ್, ಫೋನ್ ಮಾಡೀರಿ ಅಂತ ಒಂದು ಕೇಳಲಾ? ಬೇಜಾರು ಮಾಡ್ಕೋಬ್ಯಾಡ್ರಿ" ಅಂದರು. "ಹೋದ ತಿಂಗಳ ನಿಮ್ಮ ಗಜಲ್ ಹಾಕಿದ್ರಲ್ಲ, ಅದರಾಗ ಮೂರನೇ ಶೇರ್ ನನಗ ತಿಳೀಲಿಲ್ಲ. ಶೂನ್ಯದ ಕನ್ನಡಿಯೊಳಗೆ ನೆರಳು ಅಳತೈತಿ ಅಂತ ಏನೋ ಇತ್ತು. ನಾ ಆವತ್ತು 'ಅದ್ಭುತ' ಅಂತ ಹಾಕಿದ್ದೆ. ಅದರ ಅರ್ಥ ಏನ್ರಿ?"

ಹೇಳೋಕೆ ಬಾಯಿ ತೆಗೆದೆ. ಒಂದು ಸಲ ಪ್ರಯತ್ನ ಮಾಡಿದೆ, ಇನ್ನೊಂದು ಸಲ ಮಾಡಿದೆ. ಆಮೇಲೆ, ನೋಡಿ ಹೇಳ್ತೀನಿ ಅಂದೆ. ಅವರು ನಕ್ಕರು. ಮಷಿನ್ ಮತ್ತೆ ಶುರುವಾಯಿತು.