ವಾಗಣಗೇರಾಕ್ಕೆ ಒಂದು ದಿನದ ಹಾದಿ

ಚಾರಣದ ಮಾತೆತ್ತಿದರೆ ನಮ್ಮಲ್ಲಿ ಎಲ್ಲರ ಮುಖವೂ ಪಡುವಣಕ್ಕೇ ತಿರುಗುತ್ತದೆ. ಕುದುರೆಮುಖ, ನೇತ್ರಾವತಿ, ಕುಮಾರಪರ್ವತ. ಕರಾವಳಿಯ ನೆತ್ತಿಯ ಮೇಲಿನ ಆ ಶೋಲಾ ಕಾಡು, ಅದರ ನಡುವೆ ಹರಡಿದ ಹುಲ್ಲುಗಾವಲು ಚೆಂದವೇ. ಆದರೆ ಅಲ್ಲಿ ಜನ ತುಂಬಿ ತುಳುಕಿ, 2024ರಲ್ಲಿ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಬೇಕಾಯಿತು. ಈ ವಾರ ಓದುಗರನ್ನು ನಾನು ಮೂಡಣಕ್ಕೆ, ಸುರಪುರ–ಶಹಾಪುರ ಸೀಮೆಯ ಸಗರನಾಡಿಗೆ ಕರೆಯುತ್ತಿದ್ದೇನೆ. ಇಲ್ಲಿಯೂ ಕಾಡುಂಟು, ಹುಲ್ಲುಂಟು. ಕಾಡು ಕುರುಚಲು, ಹುಲ್ಲು ಮೊಣಕಾಲೆತ್ತರ, ಗುಡ್ಡವೆಂದರೆ ಬರೀ ಕಲ್ಲು. ಬುಕಿಂಗಿನ ಸರದಿ ಇಲ್ಲ. ಅದಕ್ಕೇ ಯೋಜನೆಯ ಭಾರವೆಲ್ಲ ನಡೆಯುವವರ ಮೇಲೆಯೇ ಬೀಳುತ್ತದೆ.

ಶಹಾಪುರದ ಬುದ್ಧ ಮಲಗಿದ ಬೆಟ್ಟದ ಹೆಸರು ನೀವು ಕೇಳಿರುತ್ತೀರಿ. ಭೀಮರಾಯನಗುಡಿಯ ಕಡೆಯಿಂದ ನೋಡಿದರೆ ಗುಡ್ಡಗಳ ಸಾಲು ಹಣೆ, ಮೂಗು, ಎದೆಯಾಗಿ ಜೋಡಿಸಿಕೊಂಡು ಅಂಗಾತ ಮಲಗಿದ ಬುದ್ಧನಾಗುತ್ತದೆ. ಅದು ದೂರದಿಂದ ಕಾಣಬೇಕಾದ ನೋಟ. ಹತ್ತಿರ ಹೋದಷ್ಟೂ ಬುದ್ಧ ಕರಗಿ ಬಂಡೆಗಳು ಉಳಿಯುತ್ತವೆ. ದಿನವಿಡೀ ನಡೆಯುವುದಕ್ಕೆ ನನ್ನ ಆಯ್ಕೆ ಸುರಪುರದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ವಾಗಣಗೇರಾ. ಗುಡ್ಡ, ಬಯಲು, ಹೊಲ, ಹಾಳು ಕೋಟೆ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುವುದು ಅಲ್ಲಿ.

ಈ ನಡಿಗೆಯನ್ನು ಮಧ್ಯಮ ದರ್ಜೆಯದು ಎಂದು ಕರೆಯುತ್ತೇನೆ. ಹಾಗೆನ್ನಲು ಎತ್ತರ ಕಾರಣವಲ್ಲ, ಎತ್ತರದಲ್ಲಿ ಇವು ಸಣ್ಣ ಗುಡ್ಡಗಳೇ. ದೂರವೂ ಅಲ್ಲ. ಹೋಗಿ, ಹತ್ತಿ, ಸುತ್ತಿ ಬರುವುದೆಲ್ಲ ಸೇರಿ 14–15 ಕಿಲೋಮೀಟರ್ ಮೀರದಂತೆ ಹಾದಿ ಹಾಕಿಕೊಳ್ಳಬಹುದು. ಇಲ್ಲಿ ದರ್ಜೆ ಕಟ್ಟುವುದು ಬಿಸಿಲು ಮತ್ತು ನೀರು. ಇದೇ ಹಾದಿ ಡಿಸೆಂಬರಿನಲ್ಲಿ ಹತ್ತು ವರ್ಷದ ಹುಡುಗನಿಗೂ ದಕ್ಕುತ್ತದೆ. ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್–ಮೇನಲ್ಲಿ ಗಟ್ಟಿಮುಟ್ಟಾದವರನ್ನೂ ಮಲಗಿಸುತ್ತದೆ. ಬಂಡೆ ಹಗಲೆಲ್ಲ ಕಾವು ಕುಡಿದು ಕಾದ ಹಂಚಿನಂತಾಗುತ್ತದೆ, ಹೊತ್ತು ಮುಳುಗಿದ ಮೇಲೂ ಗಾಳಿಗೆ ಅದನ್ನೇ ಉಗುಳುತ್ತದೆ. ಮಲೆನಾಡಿನಲ್ಲಿ ಶಿಖರವನ್ನು ಗುರುತು ಮಾಡಿಕೊಂಡು ಹಾದಿ ಹುಡುಕುತ್ತೇವೆ. ಸಗರನಾಡಿನಲ್ಲಿ ಮೊದಲು ನೀರನ್ನು ಗುರುತು ಮಾಡಬೇಕು. ಎಲ್ಲಿ ತುಂಬಿಕೊಳ್ಳುತ್ತೇವೆ, ಎಲ್ಲಿಗೆ ಮುಗಿಯುತ್ತದೆ, ಮುಗಿದ ಜಾಗದಿಂದ ಹತ್ತಿರದ ಊರು ಎಷ್ಟು ದೂರ ಎಂಬ ಲೆಕ್ಕ ಕುಳಿತ ಮೇಲೆ ಗುಡ್ಡ ತಾನಾಗಿ ಬರುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಾಗಣಗೇರಾದ ಚರಿತ್ರೆಯೇ ಸಾಕ್ಷಿ. 1687ರಲ್ಲಿ ಬೇಡ ನಾಯಕರ ಸಗರ ಮೊಗಲರ ಕೈಸೇರಿದ ಮೇಲೆ ಈ ಕೋಟೆ ಅವರಿಗೆ ನೆಲೆಯಾಯಿತು. 1705ರ ಫೆಬ್ರವರಿಯಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದು ಮುತ್ತಿಗೆ ಹಾಕಿದ. ಎಂಬತ್ತು ದಾಟಿದ ಆ ಬಾದಶಹನ ಕಟ್ಟಕಡೆಯ ಮುತ್ತಿಗೆ ಇದು. ಕೋಟೆಯೆದುರಿನ ಲಾಲ್ ಟೇಕ್ರಿ ಎಂಬ ದಿಬ್ಬ ಮೊಗಲರ ವಶವಾಯಿತು, ಬೇಡರು ಅದನ್ನು ಮತ್ತೆ ಕಿತ್ತುಕೊಂಡರು. ವಾರಗಟ್ಟಲೆ ತೋಪು ಹಾರಿಸಿದರೂ ಕೆಲಸ ಮುಂದೆ ಸರಿಯಲಿಲ್ಲ. ಕೊನೆಗೆ ಮೊಗಲ ಸೇನಾನಿ ಜುಲ್ಫಿಕರ್ ಖಾನ್ ಬಂದು, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಏಪ್ರಿಲ್ ಮುಗಿಯುವ ಹೊತ್ತಿಗೆ ಕೋಟೆ ಬಿತ್ತು. ಬೇಡರ ಒಡೆಯ ಪಿಡ್ಡನಾಯಕ ಮಾತ್ರ ಸಿಗಲಿಲ್ಲ, ತನ್ನವರೊಂದಿಗೆ ರಾತ್ರಿಯಲ್ಲಿ ಜಾರಿಕೊಂಡಿದ್ದ. ಗುಡ್ಡದ ಮೇಲೆ ನಿಂತು ನೋಡಿದರೆ ಈ ಯುದ್ಧ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಒಂದೊಂದು ದಿಬ್ಬವೂ ಪಕ್ಕದ ದಿಬ್ಬವನ್ನು ಕಾಯುತ್ತದೆ. ಬಯಲಿನಲ್ಲಿ ಬರುವವನಿಗೆ ಮರೆಯಿಲ್ಲ. ಮೇಲಿರುವವನಿಗೆ ಎಲ್ಲವೂ ಕಾಣುತ್ತದೆ, ನೀರೊಂದು ಮಾತ್ರ ಕೆಳಗಿರುತ್ತದೆ.

ಹಾಗಾಗಿ ತಲೆಗೆ ನಾಲ್ಕು ಲೀಟರ್ ನೀರು ಹೊರಬೇಕೆಂಬುದು ನನ್ನ ಹಟ. ಊರು ಬಿಡುವ ಮುನ್ನವೇ ತುಂಬಿಕೊಳ್ಳಿ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಹಸಿರು ಹೆಚ್ಚಿದೆ, ಜೋಳ–ತೊಗರಿ ಬೆಳೆಯುತ್ತಿದ್ದ ಎರಿಯಲ್ಲಿ ಭತ್ತ ನಿಂತಿದೆ. ಆ ಹಸಿರು ಕಂಡು ನೀರಿಗೇನು ಬರ ಎಂದು ಹಗುರವಾಗಬೇಡಿ. ಗದ್ದೆಯಿಂದ ಇಳಿದು ಬರುವ ನೀರು ಗೊಬ್ಬರ, ಔಷಧಿಗಳನ್ನು ತೊಳೆದು ಬಂದದ್ದು. ದಾರಿಯಲ್ಲಿ ಯಾರಾದರೂ ಹಿರಿಯರು ಸಿಕ್ಕರೆ, “ಕಾಕಾ, ಮ್ಯಾಲ ನೀರ ಅದಾವೇನ್ರಿ?” ಎಂದು ಕೇಳಿ. ಹೆಚ್ಚಿನ ಸಲ ಬರುವ ಉತ್ತರ ಒಂದೇ: “ಏನೂ ಇಲ್ರಿ, ಇಲ್ಲೇ ತುಂಬ್ಕೊಂಡ್ ಹೋಗ್ರಿ.”

ಕಾಲದ ವಿಚಾರ. ಮಳೆ ಬಿಟ್ಟ ಕೂಡಲೇ ಬರಬೇಡಿ. ಹಸಿ ಎರಿಯಲ್ಲಿ ಕಾಲಿಟ್ಟರೆ ಹೆಜ್ಜೆಹೆಜ್ಜೆಗೂ ಬೂಟಿನ ತೂಕ ಏರುತ್ತದೆ. ಗುಡ್ಡದ ಬುಡದ ಮಸಾರಿ ಬೇಗ ಆರುತ್ತದೆ, ಅಲ್ಲಿಗೆ ತಲುಪುವ ಎರಿ ಹೊಲದ ಬದು ಆರುವುದಿಲ್ಲ. ದೀಪಾವಳಿ ಕಳೆಯಲಿ. ಅಲ್ಲಿಂದ ಜನವರಿ ಮುಗಿಯುವವರೆಗೆ ಒಳ್ಳೆಯ ಹವೆ. ಅದರಲ್ಲೂ ಎಳ್ಳ ಅಮಾವಾಸ್ಯೆಯ ಆಸುಪಾಸು ಇನ್ನೂ ಚೆಂದ. ಅಂದು ಇಡೀ ಸೀಮೆ ಊರು ಬಿಟ್ಟು ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಿಚ್ಚಿ ಕೂತ ಮನೆಯವರು ಹಾದಿಹೋಕರನ್ನು ಸುಮ್ಮನೆ ಹೋಗಲು ಬಿಡುವುದಿಲ್ಲ. ಅಂಥ ದಿನ ಹೋಗುವವರು ನಡಿಗೆಯನ್ನು ಅರ್ಧಕ್ಕೆ ಇಳಿಸಿಕೊಂಡೇ ಹೊರಡಲಿ. ಕರೆದ ಊಟ ಬಿಟ್ಟು ಗುಡ್ಡ ಹತ್ತುವುದು ನನ್ನ ಪ್ರಕಾರ ಒರಟುತನ.

ಹುಲ್ಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನವೆಂಬರಿನ ಹೊತ್ತಿಗೆ ಗುಡ್ಡದ ಇಳಿಜಾರಿನ ಹುಲ್ಲೆಲ್ಲ ಒಣಗಿ ಕರಡವಾಗಿ, ಬೆಳಗಿನ ಓರೆ ಬಿಸಿಲಿಗೆ ತಾಮ್ರದ ಬಣ್ಣ ತಾಳುತ್ತದೆ. ಅದರೊಳಗೆ ಸೂಜಿಹುಲ್ಲು ಇದ್ದೇ ಇರುತ್ತದೆ. ಅದರ ಬೀಜಕ್ಕೊಂದು ಚೂಪು ಮೂತಿ, ಹಿಂದೆ ಹುರಿಗೊಂಡ ಉದ್ದ ಬಾಲ. ತೇವ ತಾಕಿದಾಗ ಬಾಲದ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುತಿರುಗಿ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ನೆಲ ಸಿಗದಿದ್ದರೆ ಕುರಿಯ ಉಣ್ಣೆಗೆ, ಅದೂ ಸಿಗದಿದ್ದರೆ ನಿಮ್ಮ ಕಾಲುಚೀಲಕ್ಕೆ. ಬೆಳಗಿನ ಇಬ್ಬನಿಗೆ ತೊಯ್ದು ಬಿಸಿಲಿಗೆ ಆರುವ ಕಾಲುಚೀಲ ಅದಕ್ಕೆ ಹೇಳಿ ಮಾಡಿಸಿದ ಜಾಗ. ಜಾಳಿಗೆಯ ಓಟದ ಬೂಟು ಇಲ್ಲಿಗಲ್ಲ. ದಪ್ಪ ಅರಿವೆಯ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಮೇಲೊಂದು ಕ್ಯಾನ್ವಾಸ್ ಪಟ್ಟಿ ಸುತ್ತಿಕೊಂಡರೆ ದಿನ ನೆಮ್ಮದಿಯಾಗಿ ಕಳೆಯುತ್ತದೆ.

ಈ ಹುಲ್ಲುಭೂಮಿಯನ್ನು ಪಾಳು, ಬಂಜರು ಎಂದು ಬರೆದಿಡುವ ಸರ್ಕಾರಿ ರೂಢಿ ನನಗೆ ಸಹಿಸದು. ಊರವರಿಗೆ ಇದು ಗಾಯರಾಣ, ದನಕುರಿ ಮೇಯುವ ಎಲ್ಲರ ಭೂಮಿ. ಗೌಜಲಹಕ್ಕಿ ಮೊಟ್ಟೆಯಿಡುವುದು ಇಲ್ಲಿ, ನರಿ ಇಲಿ ಹಿಡಿಯುವುದು ಇಲ್ಲಿ. ಬಯಲುಸೀಮೆಯ ತೋಳಕ್ಕೆ ಬೇಕಾದದ್ದೂ ಇಂಥದೇ ಬಯಲು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದ ಮೇಲಾದರೂ ಇದರ ಬೆಲೆ ತಿಳಿಯಬೇಕಿತ್ತು. ಹಸಿರೀಕರಣದ ಹೆಸರಿನಲ್ಲಿ ಕರಡದ ನಡುವೆ ಗುಂಡಿ ತೋಡಿ ಸಸಿ ನೆಟ್ಟಾಗ ಹುಲ್ಲು ಸಾಯುತ್ತದೆ, ಕೆದಕಿದ ಮಣ್ಣಿಗೆ ಬಳ್ಳಾರಿ ಜಾಲಿ ನುಗ್ಗುತ್ತದೆ. ನಡೆಯುವವರು ಇಲ್ಲಿ ಬೆಂಕಿ ಹಚ್ಚಬಾರದು, ಬೀಡಿಯ ತುಂಡೂ ಬೀಳಬಾರದು. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿರುವುದರಿಂದ ಹೊಗೆಯ ಜೊತೆಗೆ ಅತ್ತರು, ಸೆಂಟುಗಳೂ ಬೇಡ.

ಈಗ ದಿನದ ಹೊಂದಿಕೆ. ಹಿಂದಿನ ಸಂಜೆ ಸುರಪುರ ಸೇರಿ ವಲಯ ಅರಣ್ಯ ಕಚೇರಿಯಲ್ಲಿ ಚಿರತೆಯ ಸುದ್ದಿ ಏನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳಿ. ಬೆಳಕಿದ್ದರೆ ಟೇಲರ್ ಮಂಜಿಲಿನ ದಿಬ್ಬಕ್ಕೆ ಹೋಗಿ. 1840ರ ದಶಕದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಅದು. ಅಲ್ಲಿಂದ ಮರುದಿನದ ಹಾದಿಯ ದಿಕ್ಕು ಗುರುತು ಹಾಕಿಕೊಳ್ಳಬಹುದು. ಬೆಳಗ್ಗೆ ಆರಕ್ಕೆ ಹೊರಡಿ. ಆ ತಿಂಗಳುಗಳಲ್ಲಿ ಹೊತ್ತು ಮೂಡುವುದು ಆರೂವರೆಯ ನಂತರ, ಅಷ್ಟರಲ್ಲಿ ಪೇಟೆ ಹಿಂದೆ ಬಿದ್ದಿರಬೇಕು. ವಾಗಣಗೇರಾ ಊರಿನಲ್ಲಿ ಒಬ್ಬ ಕುರಿಗಾರನನ್ನೋ, ಊರ ಹುಡುಗನನ್ನೋ ಜೊತೆಗೆ ಕರೆದುಕೊಂಡು ತಕ್ಕ ಕೂಲಿ ಕೊಡಿ. ಮೊಬೈಲಿನ ನಕಾಶೆ ಬಂಡೆಗಳ ಸಂದು ತೋರಿಸುವುದಿಲ್ಲ. ಒಂಬತ್ತರೊಳಗೆ ಏರು ಮುಗಿಯಲಿ. ಬುರುಜು, ಗೋಡೆಗಳ ನಡುವೆ ಓಡಾಡಿ ಕೆಳಗಿಳಿಯಲು ಹನ್ನೊಂದರವರೆಗೆ ಹೊತ್ತಿದೆ. ಸಡಿಲ ಕಲ್ಲಿನ ಗೋಡೆ ಹತ್ತಬೇಡಿ, ಗೋಡೆಗೂ ಒಳ್ಳೆಯದಲ್ಲ, ನಿಮಗೂ ಅಲ್ಲ.

ಹನ್ನೊಂದರಿಂದ ಮೂರರವರೆಗೆ ನಡೆಯಬಾರದು. ಚಳಿಗಾಲವೆಂದು ಇದನ್ನು ಮುರಿಯುವವರೇ ಹೆಚ್ಚು. ಕೆಳಗಿಳಿದು ಬೇವಿನದೋ ಹುಣಸೆಯದೋ ನೆರಳು ಹಿಡಿದು ಬುತ್ತಿ ಬಿಚ್ಚಿ. ಬುತ್ತಿಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಒಂದು ಡಬ್ಬಿ ಗಟ್ಟಿ ಮೊಸರು. ಬ್ರೆಡ್ಡು ಜಾಮಿಗಿಂತ ಇದು ಎಷ್ಟೋ ಮೇಲು. ಕಟಿ ರೊಟ್ಟಿ ಕೆಡುವುದಿಲ್ಲ, ಹಿಂಡಿಯ ಉಪ್ಪು ಬೆವರಲ್ಲಿ ಹೋದದ್ದನ್ನು ತುಂಬುತ್ತದೆ. ಒಂದು ನಿದ್ದೆ ತೆಗೆಯಿರಿ. ಮೂರರ ನಂತರ ಬುಡದ ಬಯಲಿನಲ್ಲಿ, ಕರಡದ ಅಂಚು ಹಿಡಿದು ನಿಧಾನ ವಾಪಸಾಗಿ. ಹಕ್ಕಿಗಳು ಮತ್ತೆ ಹೊರಬೀಳುವುದು ಈ ಹೊತ್ತಿನಲ್ಲೇ. ಆರರೊಳಗೆ ಡಾಂಬರು ರಸ್ತೆ ಸೇರಿರಬೇಕು.

ಇನ್ನೊಂದು ದಿನ ಕೈಯಲ್ಲಿದ್ದರೆ ಬೋನಾಳ ಕೆರೆಗೆ ಬೆಳಗ್ಗೆಯೇ ಹೋಗಿ. ಬೇಡ ದೊರೆ ಪಾಮನಾಯಕ ಕಟ್ಟಿಸಿ, ಮುಂದೆ ಟೇಲರ್ ಸುಧಾರಿಸಿದ ಕೆರೆ ಅದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಬೃಹತ್ ಶಿಲಾಯುಗದ ಹುಚ್ಚಿರುವವರು ಕೆರೆ ಬಿಟ್ಟು ಶಹಾಪುರದ ಬಳಿಯ ವಿಭೂತಿಹಳ್ಳಿಗೆ ಹೋಗಲಿ. ಓರೆ ಸಾಲುಗಳಲ್ಲಿ ಬಯಲ ತುಂಬ ಜೋಡಿಸಿದ ಅಲ್ಲಿನ ಗುಂಡುಕಲ್ಲುಗಳ ಬಗ್ಗೆ ಟೇಲರನೇ ಮೊದಲು ಬರೆದವನು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಯಾದಗಿರಿಯಲ್ಲಿ ರೈಲು ಹಿಡಿಯುವವರು ಎರಡು ತಾಸು ಮೊದಲೇ ಸುರಪುರದಿಂದ ಬಸ್ಸು ಹತ್ತಲಿ.