ತೆರೆಗೆ ಬಂದ ಕಂಪನಿ

ಗುಬ್ಬಿ ವೀರಣ್ಣನವರ ಹೆಸರೆತ್ತಿದರೆ ಮೊದಲು ನೆನಪಾಗುವುದು ರಂಗದ ಮೇಲೆ ಆನೆ ಕುದುರೆ ತಂದು ನಿಲ್ಲಿಸಿದ 'ಕುರುಕ್ಷೇತ್ರ'. ಸಿನಿಮಾ ಚರಿತ್ರೆಯಲ್ಲಿ ಅವರ ಪಾಲಿಗೆ ಸಿಗುವುದು ಒಂದೇ ಸಾಲು: 'ಬೇಡರ ಕಣ್ಣಪ್ಪ'ಕ್ಕೆ ಹಣ ಹಾಕಿದವರು. ನಾಟಕದ ದೊರೆಯೊಬ್ಬರು ಹವ್ಯಾಸಕ್ಕೆಂದು ಸಿನಿಮಾದಲ್ಲೂ ಕೈಯಾಡಿಸಿದರು ಎಂಬ ಈ ತೀರ್ಪು ಅರ್ಧ ಮಾತ್ರ ಸರಿ. ಇದು ವೀರಣ್ಣನವರ ಚಿತ್ರ ಎಂದು ಗುರುತು ಹಿಡಿಯುವಂಥ ಒಂದು ಶಾಟನ್ನೂ ಅವರು ಬಿಟ್ಟುಹೋಗಲಿಲ್ಲ, ಒಪ್ಪೋಣ. ಆದರೆ ಕನ್ನಡ ಚಿತ್ರರಂಗಕ್ಕೆ ಬೇಕಾದ ಆಳುಗಳನ್ನು ತಯಾರು ಮಾಡಿದ ಗರಡಿ ಅವರದು. ಅವರ ಸಿನಿಮಾ ಬದುಕನ್ನು ಅಳೆಯಬೇಕಾದದ್ದು ಆ ಗರಡಿಯಿಂದ.

ಆರಂಭವೇ ವಿಚಿತ್ರ. ಹಾಡು, ಮಾತುಗಳನ್ನು ನಂಬಿ ಬದುಕಿದ ನಾಟಕ ಕಂಪನಿಯ ಮಾಲೀಕರು 1930ರ ಆಸುಪಾಸಿನಲ್ಲಿ ಕೈ ಹಾಕಿದ್ದು ಮೂಕಿ ಚಿತ್ರಗಳಿಗೆ! ಬೆಲ್ಜಿಯಂನ ರಫೇಲ್ ಆಲ್ಗೋಟ್ ಅವರಿಂದ 'ಹಿಸ್ ಲವ್ ಅಫೇರ್', ವೈ.ವಿ. ರಾವ್ ಅವರಿಂದ 'ಹರಿಮಾಯಾ' ಮಾಡಿಸಿದರು. ಆ ಚಿತ್ರಗಳು ಇಂದು ನೋಡಲು ಸಿಗುವಂತಿಲ್ಲವಾದ್ದರಿಂದ ಅವುಗಳ ಗುಣ ಹೇಳಹೊರಡುವುದು ಬರೀ ಊಹೆಯಾದೀತು. ಒಂದು ಮಾತ್ರ ದಾಖಲೆಯಲ್ಲಿದೆ: 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ 'ಸತಿ ಸುಲೋಚನ'ವನ್ನು ನಿರ್ದೇಶಿಸಿದವರೂ ಇದೇ ವೈ.ವಿ. ರಾವ್.

ಸೋಲು ಎಲ್ಲಿತ್ತು ಎಂದು ತಿಳಿಯಲು 1935ರ 'ಸದಾರಮೆ'ಗೆ ಬರಬೇಕು. ಆ ನಾಟಕದ ಕಳ್ಳನ ಪಾರ್ಟು ವೀರಣ್ಣನವರಿಗೆ ಹೆಸರು ತಂದದ್ದು. ಕಂಪನಿ ನಾಟಕದ ಹಾಸ್ಯಗಾರ ಬರೆದಿಟ್ಟ ಮಾತಿಗೆ ಕಟ್ಟುಬಿದ್ದವನಲ್ಲ. ಮುಂದಿನ ಸಾಲಿನವರು ನಕ್ಕರೆ ಇನ್ನೊಂದು ಸೇರಿಸುತ್ತಾನೆ, ನಗದಿದ್ದರೆ ದಾರಿ ಬದಲಿಸುತ್ತಾನೆ. ಕ್ಯಾಂಪು ಬದಲಾದರೆ ಹಾಸ್ಯವೂ ಬದಲು. ಕ್ಯಾಮೆರಾ ನಗುವುದಿಲ್ಲ, 'ವನ್ಸ್ ಮೋರ್' ಎನ್ನುವುದಿಲ್ಲ. ಅಂಥ ಕಲೆಯನ್ನು ರೀಲಿಗೆ ಸುತ್ತಿಟ್ಟರೆ ಅದರ ಜೀವಾಳವೇ ಸೋರಿಹೋಗುತ್ತದೆ. ನಾಟಕವನ್ನು ತೆರೆಗೆ ಸಾಗಿಸಿದರೆ ಸಿನಿಮಾ ಆದೀತೆಂಬ ನಂಬಿಕೆ ಅವರನ್ನು ಕೊನೆತನಕ ಪೂರ್ತಿ ಬಿಟ್ಟಂತಿಲ್ಲ. 'ಹೇಮರೆಡ್ಡಿ ಮಲ್ಲಮ್ಮ' ಬಂದದ್ದೂ ಆ ದಾರಿಯಲ್ಲೇ. ನಡುವೆ 1942ರ 'ಜೀವನ ನಾಟಕ' ಮಾತ್ರ ಬೇರೆ. ಅ.ನ. ಕೃಷ್ಣರಾಯರನ್ನು ಬರವಣಿಗೆಗೆ ಹಿಡಿದು, ಶಾಂತಾ ಹುಬಳೀಕರರನ್ನು ಕರೆಸಿ, ಪುರಾಣ ಬಿಟ್ಟು ಸಾಮಾಜಿಕ ಕಥೆಗೆ ಇಳಿದ ಆ ಧೈರ್ಯಕ್ಕೆ ನಮ್ಮ ವಿಮರ್ಶೆ ಇನ್ನೂ ಬೆಲೆ ಕಟ್ಟಿಲ್ಲ.

ಕಂಪನಿಯ ಈ ನೆರಳೇ ಕನ್ನಡ ಸಿನಿಮಾವನ್ನು ಮಾತಿನ ಮಲ್ಲನನ್ನಾಗಿ ಮಾಡಿತು, ದೃಶ್ಯಭಾಷೆ ಬೆಳೆಯಗೊಡಲಿಲ್ಲ ಎಂಬ ಆಕ್ಷೇಪವುಂಟು. ಆಕ್ಷೇಪ ಹುಸಿಯಲ್ಲ. ಆದರೆ ಆ ಕಾಲದಲ್ಲಿ ಬೇರೆ ಶಾಲೆ ಯಾವುದಿತ್ತು? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂದದ್ದು 1960ರಲ್ಲಿ. ಅದುವರೆಗೆ ಹುಡುಗರಿಗೆ ಊಟ ಹಾಕಿ, ರಾಗ ತಾಳ ಕಲಿಸಿ, ಉಚ್ಚಾರ ತಿದ್ದಿ, ಊರೂರು ತಿರುಗಿಸಿ ಪಳಗಿಸಿದ್ದು ಕಂಪನಿಗಳೇ. ಕುಣಿಗಲ್ ಸಂತೆಗೆ ಬಂದು ರಾತ್ರಿ ಟೆಂಟಿಗೆ ಹೋಗುವ ರೈತನಿಗೂ ಅರ್ಥವಾಗುವ ಅಭಿನಯ ಅವರದಾಗಿತ್ತು.

1954ರ 'ಬೇಡರ ಕಣ್ಣಪ್ಪ'ವನ್ನೇ ನೋಡಿ. ಸ್ಟುಡಿಯೋ ಮದರಾಸಿನ ಎವಿಎಂನದು, ಬಂಡವಾಳದಲ್ಲಿ ಅದರ ಮಾಲೀಕ ಮೆಯ್ಯಪ್ಪ ಚೆಟ್ಟಿಯಾರರ ಪಾಲಿತ್ತು, ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು. ಮುತ್ತುರಾಜನನ್ನು ಗುರುತಿಸಿ ರಾಜ್‌ಕುಮಾರ್ ಮಾಡಿದ ಕಣ್ಣೂ ಸಿಂಹ ಅವರದೇ. ಹಾಗಾದರೆ ವೀರಣ್ಣನವರದೇನು ಎಂದು ಕೇಳುವವರಿದ್ದಾರೆ. ಆ ಮುತ್ತುರಾಜನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಅದೇ ಚಿತ್ರದ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಇಬ್ಬರೂ ಆ ಕಂಪನಿಯ ಅನ್ನ ಉಂಡವರು. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಇಂಥ ನಟರನ್ನು ಬಾಡಿಗೆಗೆ ತರುವುದಾದರೂ ಎಲ್ಲಿಂದ?

ಇನ್ನೂ ಸೋಜಿಗದ ಸಂಗತಿ ಮುಂದಿದೆ. 1975ರಲ್ಲಿ ಕಂಪನಿ ಶೈಲಿಯ ಹಂಗು ಹರಿದುಕೊಂಡ ಎರಡು ಚಿತ್ರಗಳು ಬಂದವು, ಅಯ್ಯರ್ ಅವರ 'ಹಂಸಗೀತೆ' ಮತ್ತು ಬಿ.ವಿ. ಕಾರಂತರ 'ಚೋಮನ ದುಡಿ'. ಕಾರಂತರೂ ಬಾಲಕನಾಗಿ ಗುಬ್ಬಿ ಕಂಪನಿ ಸೇರಿದವರು. ಅವರನ್ನು ಓದಲೆಂದು ಕಾಶಿಗೆ ಕಳಿಸಿದವರು ವೀರಣ್ಣನವರು. ಕಂಪನಿಯ ನೆರಳನ್ನು ದೂರುವವರು ಈ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿನಿಮಾ ಕಲಾವಿದರಾಗಿ ವೀರಣ್ಣನವರಿಗೆ ಪಾಸು ಮಾರ್ಕು ಕೊಡುವುದೂ ಕಷ್ಟ. ನಿರ್ಮಾಪಕರಾಗಿ ಅವರ ಸಾಲಿನಲ್ಲಿ ನಿಲ್ಲುವವರು ಕನ್ನಡದಲ್ಲಿ ಕಡಿಮೆ.

ಸರ್ಕಾರ ಅವರ ಹೆಸರಿನಲ್ಲಿ ಕೊಡುವ ಪ್ರಶಸ್ತಿ ರಂಗಭೂಮಿಯವರಿಗೆ. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ವರ್ಷಕ್ಕೊಂದು ಸಂಜೆಯಾದರೂ ಅಲ್ಲಿ 'ಬೇಡರ ಕಣ್ಣಪ್ಪ' ತೋರಿಸಲಿ. ಗುಬ್ಬಿಯವರೂ ಕುಣಿಗಲ್ಲಿನವರೂ ಬಂದು ಕೂತು, ಮೊದಲಿಗೆ ಬರುವ ಹೆಸರುಗಳನ್ನು ನಿಧಾನವಾಗಿ ಓದಲಿ.