ಸ್ತನಾರ್ಬುದದ ಎರಡು ಆತ್ಮಕಥನಗಳೂ ವಯೋಹೇತುವೂ

ಸ್ತನಾರ್ಬುದದಿಂದ ಪೀಡಿತರಾದ ಸ್ತ್ರೀಯರು ತಾವೇ ಬರೆದ ಇಂಗ್ಲಿಷ್ ಗದ್ಯಕೃತಿಗಳಲ್ಲಿ ಎರಡು ವಿಶೇಷವಾಗಿ ವಿಚಾರಾರ್ಹವಾದುವು. ಒಂದು, ಕಾದಂಬರಿಕರ್ತ್ರಿ ಫ್ಯಾನಿ ಬರ್ನಿಯು 1812ರಲ್ಲಿ ತನ್ನ ಅಕ್ಕ ಎಸ್ತರಳಿಗೆ ಬರೆದ ದೀರ್ಘಪತ್ರವು; ಇನ್ನೊಂದು, ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡಳು 1980ರಲ್ಲಿ ಪ್ರಕಟಿಸಿದ ‘ದಿ ಕ್ಯಾನ್ಸರ್ ಜರ್ನಲ್ಸ್’ ಎಂಬ ಗ್ರಂಥವು. ಇವೆರಡನ್ನೂ ಒಟ್ಟಿಗೆ ಓದುವವರು ರಸಾಸ್ವಾದದಲ್ಲಿಯೇ ನಿಲ್ಲದೆ, ರೋಗಿಯ ವಯಸ್ಸಿಗೂ ರೋಗದ ಪರಿಣಾಮಕ್ಕೂ ಇರುವ ಸಂಬಂಧವನ್ನು ಇವುಗಳಿಂದಲೇ ಊಹಿಸಿಬಿಡುವ ಸಂಭವವುಂಟು. ಆ ಊಹೆಯು ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿ ಪರೀಕ್ಷಿಸತಕ್ಕ ವಿಷಯವು.

ಬರ್ನಿಗೆ 59ನೆಯ ವಯಸ್ಸಿನಲ್ಲಿ, 1811ನೆಯ ಸೆಪ್ಟೆಂಬರ್ 30ರಂದು, ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಸೇನಾವೈದ್ಯನಾದ ಲಾರೆಯು ಸ್ತನಚ್ಛೇದವನ್ನು ಮಾಡಿದನು. ಶಸ್ತ್ರಕ್ರಿಯೆಗೆ ಮೂರ್ಛೆಗೊಳಿಸುವ ಔಷಧವು ಆಗ ಇರಲಿಲ್ಲ. ಆಕೆ ಅನಂತರ 28 ವರ್ಷಗಳಿಗೂ ಮೇಲ್ಪಟ್ಟು ಬದುಕಿ, 1840ರಲ್ಲಿ ತನ್ನ 87ನೆಯ ವಯಸ್ಸಿನಲ್ಲಿ ಮೃತಳಾದಳು. ಲಾರ್ಡಳಿಗೆ 1978ರಲ್ಲಿ, 44ನೆಯ ವಯಸ್ಸಿನಲ್ಲಿ, ರೋಗನಿರ್ಣಯವೂ ಸ್ತನಚ್ಛೇದವೂ ಆದುವು. 1984ರಲ್ಲಿ ರೋಗವು ಯಕೃತ್ತಿಗೆ ಹರಡಿರುವುದು ತಿಳಿದುಬಂದಿತು. 1992ರಲ್ಲಿ ಆಕೆ ಕಾಲವಾದಳು. ಹಿರಿಯಳು ಉಳಿದಳು, ಕಿರಿಯಳು ಅಳಿದಳು. ಆದುದರಿಂದ ಅಲ್ಪವಯಸ್ಸೇ ಅನಿಷ್ಟಕ್ಕೆ ಹೇತುವೆಂದು ತೋರುವುದು ಸಹಜವೇ.

ಆದರೆ ಎರಡು ದೃಷ್ಟಾಂತಗಳಿಂದ ವ್ಯಾಪ್ತಿಯು ಸಿದ್ಧಿಸದು. ಸೂಕ್ಷ್ಮದರ್ಶಕದಿಂದ ಅರ್ಬುದವನ್ನು ನಿರ್ಣಯಿಸುವ ಪದ್ಧತಿಯು 1811ರಲ್ಲಿ ಇನ್ನೂ ಹುಟ್ಟಿರಲಿಲ್ಲವಾಗಿ, ಬರ್ನಿಯ ಗಂಟು ಯಾವ ಜಾತಿಯದೆಂದು ಹೇಳಲಾಗದು. ಲಾರ್ಡಳ ವಯಸ್ಸಾದರೋ, ವೈದ್ಯರು ಸಾಮಾನ್ಯವಾಗಿ ಅಲ್ಪವೆಂದು ಗಣಿಸುವ 40ರ ಮಿತಿಯನ್ನು ದಾಟಿದುದು.

ಬಹುಸಂಖ್ಯಾತ ರೋಗಿಗಳ ಪರಿಶೀಲನೆಯಿಂದ ತಿಳಿದುಬಂದಿರುವುದು ಹೀಗಿದೆ. 40ಕ್ಕೆ ಕಡಮೆ ವಯಸ್ಸಿನವರಲ್ಲಿ ಚಿಕಿತ್ಸೆಯ ಫಲವು ಮಧ್ಯವಯಸ್ಕರಿಗಿಂತ ಹೀನವೆಂಬುದು ನಿಜ. ಆದರೆ 70 ದಾಟಿದವರಲ್ಲಿಯೂ ಅದು ಮತ್ತೆ ಇಳಿಯುವುದು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆಯಿರಬೇಕೆಂಬ ನಿಯಮವಿಲ್ಲ, ಹಸಿಸೌದೆಯು ಅಲ್ಲಿ ಉಪಾಧಿಯೆಂದು ತಾರ್ಕಿಕರು ಹೇಳುವರಷ್ಟೆ. ಇಲ್ಲಿಯೂ ಉಪಾಧಿಗಳುಂಟು. ಕಿರಿಯರಲ್ಲಿ ತೀವ್ರವಾಗಿ ಬೆಳೆಯುವ ಜಾತಿಗಳು, ವಿಶೇಷವಾಗಿ ಹಾರ್ಮೋನುಚಿಕಿತ್ಸೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಎಂಬುದು, ಹೆಚ್ಚಾಗಿ ಕಾಣುವುವು. ರೋಗವು ಬಲಿತ ಮೇಲೆ ಗೋಚರವಾಗುವುದೂ ಅವರಲ್ಲಿ ಹೆಚ್ಚು. ವೃದ್ಧೆಯರಲ್ಲಿ ಅನ್ಯರೋಗಗಳೂ, ವಯಸ್ಸನ್ನು ನೋಡಿ ಚಿಕಿತ್ಸೆಯನ್ನು ಕುಗ್ಗಿಸುವುದೂ ಕಾರಣಗಳು. ಈ ಉಪಾಧಿಗಳನ್ನು ಕಳೆದ ಮೇಲೆ ವಯಸ್ಸಿನ ಪ್ರಭಾವವು ಬಹುಮಟ್ಟಿಗೆ ತಗ್ಗುವುದಾದರೂ, ಹಾರ್ಮೋನುಗ್ರಾಹಕಗಳುಳ್ಳ ಅರ್ಬುದದಲ್ಲಿ ಪೂರ್ತಿಯಾಗಿ ಅಳಿಯದು.

ಈ ವಿವೇಕವಿಲ್ಲದ ಓದು ಅಪಾಯಕರವು. ‘ಈ ವಯಸ್ಸಿಗೆ ಬಾರದು’ ಎಂದು ಯುವತಿಯ ಗಂಟನ್ನು ಉಪೇಕ್ಷಿಸುವುದೂ, ‘ಈ ವಯಸ್ಸಿನಲ್ಲಿ ಏತಕ್ಕೆ’ ಎಂದು ವೃದ್ಧೆಗೆ ಚಿಕಿತ್ಸೆಯನ್ನು ತಪ್ಪಿಸುವುದೂ ಒಂದೇ ಹೇತ್ವಾಭಾಸದ ಎರಡು ಕವಲುಗಳು; ಎರಡರಿಂದಲೂ ಪ್ರಾಣಹಾನಿಯುಂಟು.

ಹಾಗೆಂದು ಕೃತಿಗಳ ಬೆಲೆಯು ಕುಂದುವುದಿಲ್ಲ. ಅವುಗಳ ಪ್ರಾಮಾಣ್ಯವು ಬೇರೆಡೆಯಲ್ಲಿದೆ. ಬರ್ನಿಯು ಪತ್ರವನ್ನು ತಿಂಗಳುಗಟ್ಟಲೆ ಬರೆದಳು. ಬರೆದುದನ್ನು ಮರಳಿ ಓದಲು ಆಕೆಗೆ ಧೈರ್ಯವಾಗಲಿಲ್ಲ. ಲಾರ್ಡಳು ಕೃತಕಸ್ತನವನ್ನು ನಿರಾಕರಿಸಿ, ರೋಗಿಯ ಮೇಲೆ ಹೇರಲ್ಪಡುವ ಮೌನವನ್ನು ಖಂಡಿಸಿದಳು. ವೇದನೆಯ ಸ್ವರೂಪವೆಂತಹುದೆಂಬ ವಿಷಯದಲ್ಲಿ ಇವರಿಬ್ಬರ ಮಾತೂ ಆಪ್ತವಾಕ್ಯವು. ರೋಗದ ಗತಿಯೇನೆಂಬ ವಿಷಯದಲ್ಲಿ ಬಹುಜನರ ಪರಿಶೀಲನೆಯೇ ಪ್ರಮಾಣವು. ಈ ಭೇದವನ್ನು ಮೊದಲು ತಿಳಿಸಿ, ಬಳಿಕ ಈ ಕೃತಿಗಳನ್ನು ಪಾಠಹೇಳುವುದು ಅಧ್ಯಾಪಕರಿಗೆ ಉಚಿತವು.